ದೋಣಿಯವಳ ಕೋಟು

ಜನವರಿ 6, ಸೋಮವಾರ. ಬೆಳಿಗ್ಗೆ

ಬಣ್ಣ ಅದ್ದಿದ ನಾಲ್ಕನೆಯ ಬಟ್ಟೆ ತುಂಡೂ ಒಣಗಿತು. ಇದೂ ಅಲ್ಲ. ಒದ್ದೆಯಿದ್ದಾಗ ಅದೇ ಹಸಿರು. ಗೆದ್ದೆ ಎಂದುಕೊಂಡು ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಹಗ್ಗದ ಮೇಲೆ ಬಟಾಣಿ ಸಿಪ್ಪೆಯ ಬಣ್ಣ. ಒಣಗಿದ ಮೇಲೆ ಬಣ್ಣ ತಿಳಿಯಾಗುತ್ತದೆಂದು ಪೊಟ್ಟಣದ ಮೇಲೆ ಬರೆದಿದೆ. ಎಷ್ಟು ತಿಳಿ ಎಂದು ಬರೆದಿಲ್ಲ.

ಬಚ್ಚಲಿನಿಂದ ಅಮ್ಮನ ಕೂಗು. "ಇಲ್ಲಿ ಯಾರದ್ದೋ ಕೊಲೆ ಆಗಿದೆ ಕಣೇ. ಸತ್ತೋನ ರಕ್ತ ಹಸಿರು!"

ಉಜ್ಜಿದೆ. ನೆಲದ್ದು ಹೋಯಿತು, ಉಗುರಿನದು ಹೋಗಲಿಲ್ಲ. ಈ ಕೈಯಲ್ಲೇ ದಿನವಿಡೀ ಜನರ ಮೂಗಿನ ಮೇಲೆ ಕನ್ನಡಕ ಕೂರಿಸಬೇಕು.

ಸಂಜೆ

ಏಕೆ ಈ ಗಲಾಟೆ ಎಂದು ಬರೆದಿಡುವುದು ಒಳ್ಳೆಯದು. ಮುಂದೆ ನಾನೇ ನಂಬದಿರಬಹುದು.

ಹಳೆಯ ಟಾಕೀಸಿನಲ್ಲಿ ಫೆಬ್ರವರಿ 9ಕ್ಕೆ ದೋಣಿಯವಳ ಸಿನಿಮಾ ಮತ್ತೆ ಹಾಕುತ್ತಿದ್ದಾರೆ. ಕೊಳೆ ತೆಗೆದು ಹೊಸದು ಮಾಡಿದ ಪ್ರಿಂಟು. 'ಪಾತ್ರಗಳ ವೇಷದಲ್ಲಿ ಬನ್ನಿ' ಎಂದು ಬಾಗಿಲಲ್ಲಿ ಬೋರ್ಡು. ಕಾಲೇಜು ಮುಗಿಸಿದ ವರ್ಷ ಅಲ್ಲೇ ಅದನ್ನು ನಾಲ್ಕು ಸಲ ನೋಡಿದ್ದೆ. ಚಳಿಗಾಲದ ನದಿ. ರಾತ್ರಿಯೆಲ್ಲ ಜನರನ್ನು ಆಚೆ ದಡಕ್ಕೆ ದಾಟಿಸುವ ಹೆಂಗಸು. ಯಾರಿಗೂ ಏನನ್ನೂ ವಿವರಿಸುವುದಿಲ್ಲ. ಮೊಣಕಾಲು ದಾಟುವ ಹಸಿರು ಕೋಟು, ಎತ್ತಿ ನಿಲ್ಲಿಸಿದ ಕಾಲರ್, ಮರದ ಗುಂಡಿ. ಅವಳು ದೋಣಿಗೆ ಕಾಲಿಟ್ಟರೆ ಕುಳಿತವರೆಲ್ಲ ತಲೆ ಎತ್ತುತ್ತಾರೆ.

ಅಂಥದ್ದೊಂದು ಬೇಕು ಎಂದಿದ್ದೆ ಆಗ. ಅಕ್ಕ ನಕ್ಕಿದ್ದಳು. "ನಿಂಗೆ ಬಣ್ಣ ಒಪ್ಪಲ್ಲ ಬಿಡೇ." ಅಂದಿನಿಂದ ಬೂದು, ಕಂದು, ಮತ್ತೆ ಬೂದು. ಅವಳು ಹೇಳಿ ಮರೆತಳು. ನಾನು ಕೇಳಿ ಪಾಲಿಸಿದೆ.

ಹೋದ ತಿಂಗಳು ಒಬ್ಬ ಗಿರಾಕಿ. ಮುಖಕ್ಕೆ ಮುಖ ಕೊಟ್ಟು ಕಿವಿಯ ಹಿಂದಿನ ಕಡ್ಡಿ ಬಗ್ಗಿಸಿ ಸರಿಮಾಡಿ ಕಳಿಸಿದ್ದೆ. ಮರುದಿನ ಬಂದು ನನ್ನನ್ನೇ ಕೇಳಿದರು — "ನಿನ್ನೆ ಒಬ್ರು ಇದ್ರಲ್ಲ, ಅವರಿಲ್ವಾ?" ಹೊಸ ಕನ್ನಡಕ ಹಾಕಿಕೊಂಡೇ ಕೇಳಿದರು.

ಒಂದು ಸಲ ನಾನು ಒಳಗೆ ಕಾಲಿಟ್ಟಾಗ ಜನ ತಲೆ ಎತ್ತಬೇಕು. ಅಷ್ಟೇ.

ಕೋಟು ಯಾರಿಗೆ ಎಂದರೆ, ಅಕ್ಕನ ಮಗಳಿಗೆ ಎನ್ನುತ್ತಿದ್ದೇನೆ. ಅಮ್ಮನಿಗೂ ಅದೇ ಉತ್ತರ. ಅಕ್ಕನ ಮಗಳಿಗೆ ಈ ಸುದ್ದಿಯೇ ಗೊತ್ತಿಲ್ಲ.

ಜನವರಿ 9, ಗುರುವಾರ

ಕೋಟಿಗೆ ಬಿಳಿ ದಪ್ಪ ಕಾಟನ್ ತಂದೆ. ಅಂಗಡಿಯವನು ಕತ್ತರಿಸಿ ಕೊಡುತ್ತ, "ಇದೇ ಕೊನೆ. ಈ ಥಾನು ಮತ್ತೆ ಬರಲ್ಲ" ಎಂದ. ಅಂದರೆ ಕೆಡಿಸುವ ಹಾಗಿಲ್ಲ. ಅಂಚಿನಿಂದ ಇನ್ನಷ್ಟು ಪಟ್ಟಿ ಕತ್ತರಿಸಿ ಬಣ್ಣ ಸರಿಹೋಗುವವರೆಗೆ ಪಟ್ಟಿಗಳನ್ನೇ ಅದ್ದುವುದು.

ಟೈಲರ್ ಹತ್ತಿರ ಅಳತೆ. ನನ್ನ ಅಳತೆಯನ್ನೇ ತಗೊಳ್ಳಿ ಎಂದೆ. ಟೇಪು ಹೆಗಲಿಗೆ ಹಿಡಿದರು.

"ಅಕ್ಕನ ಮಗಳು ನಿಮ್ಮ ಮೈಮೇಲೇ ಇದ್ದಾಳಾ?"

"ಹೆಚ್ಚುಕಡಿಮೆ ನನ್ನದೇ ಮೈಕಟ್ಟು."

"ಹೆಚ್ಚೂ ಬೇಡ ಕಡಿಮೆನೂ ಬೇಡ. ಉಸಿರು ಬಿಡಿ ಮೇಡಂ. ಅವಳೂ ಉಸಿರಾಡ್ತಾಳೆ ತಾನೇ?"

ಬಿಟ್ಟೆ. ಬರೆದುಕೊಂಡರು. "ಬಣ್ಣ ಮೊದಲು, ಕತ್ತರಿ ಆಮೇಲೆ. ಬಿಸಿನೀರಿಗೆ ಬಿದ್ದ ಬಟ್ಟೆ ಕುಗ್ಗದೆ ಇರಲ್ಲ. ತಿಂಗಳ ಕೊನೆ ಒಳಗೆ ತಂದುಬಿಡಿ, ಆಮೇಲೆ ಬಂದು ನನ್ನ ತಲೆ ತಿನ್ನಬೇಡಿ."

ಜನವರಿ 14, ಮಂಗಳವಾರ

ಬಣ್ಣದಂಗಡಿ. ಫೋನಿನಲ್ಲಿ ಸಿನಿಮಾದ ಚಿತ್ರ ತೋರಿಸಿ ಇದೇ ಹಸಿರು ಬೇಕೆಂದೆ. ಅವನು ಅದೇ ಚಿತ್ರವನ್ನು ತನ್ನ ಫೋನಿನಲ್ಲಿ ತೆಗೆದ. ಅದರಲ್ಲಿ ಬೇರೆ ಹಸಿರು. ಪಕ್ಕದಲ್ಲಿ ಸುಣ್ಣದ ಡಬ್ಬ ಕೊಳ್ಳುತ್ತಿದ್ದವರು ತಮ್ಮ ಫೋನನ್ನೂ ಚಾಚಿದರು. ಮೂರನೆಯ ಹಸಿರು. ಮೂರು ಜನ ಕೌಂಟರಿನ ಮೇಲೆ ತಲೆಗೆ ತಲೆ ತಾಗಿಸಿ ಬಗ್ಗಿದ್ದೇವೆ.

"ನಿಮಗೆ ಇದರಲ್ಲಿ ಯಾವ್ದು ಬೇಕು?"

"ಅವಳು ಹಾಕಿಕೊಂಡಿದ್ದು."

"ಹಂಗಾದ್ರೆ ಅವಳನ್ನೇ ಕೇಳಬೇಕು ಮೇಡಂ."

ನೀಲಿ, ಹಳದಿ, ಕಪ್ಪು — ಬೇರೆ ಬೇರೆ ಪೊಟ್ಟಣ ಕೊಟ್ಟ. ಮೊದಲು ನೀಲಿಯಲ್ಲಿ ಅದ್ದಿ, ಆಮೇಲೆ ಹಳದಿಯಲ್ಲಿ. ನೀಲಿಗೆ ಚಿಟಿಕೆ ಕಪ್ಪು, ಇಲ್ಲದಿದ್ದರೆ ಆಟದ ಸಾಮಾನಿನ ಬಣ್ಣ ಬರುತ್ತದಂತೆ.

ಜನವರಿ 18, ಶನಿವಾರ

ಎಡವಟ್ಟು. ಪಟ್ಟಿ ನೀಲಿಯಲ್ಲಿ ಅದ್ದಿ ತೆಗೆದ ಹೊತ್ತಿಗೆ ಅಕ್ಕನ ಫೋನು. ಅವಳ ಮೊಣಕಾಲು ನೋವಿನ ಪುರಾಣ ಮುಗಿಯುವಷ್ಟರಲ್ಲಿ ಹಳದಿಗೆ ಅದ್ದುವುದನ್ನೇ ಮರೆತೆ. ಪಟ್ಟಿ ಹಾಗೇ ಒಣಗಿ ಬೂದುನೀಲಿಯಾಗಿ ನಿಂತಿದೆ. ಮೋಡದ ಹೊಟ್ಟೆಯ ಬಣ್ಣ. ಚೆನ್ನಾಗಿದೆ, ಕೆಲಸಕ್ಕೆ ಬರದು. ಓದುತ್ತಿರುವ ಕಾದಂಬರಿಯಲ್ಲಿ ಪುಟದ ಗುರುತಿಗೆ ಇಟ್ಟುಕೊಂಡೆ.

ಇನ್ನೊಂದು ಪಟ್ಟಿ ಎರಡಕ್ಕೂ ಅದ್ದಿದೆ. ಇದು ಹಿಂದಿನವಕ್ಕಿಂತ ವಾಸಿ. ಬಹುತೇಕ ಅವಳದೇ. ಬಹುತೇಕ…

ಜನವರಿ 22, ಬುಧವಾರ. ಮಧ್ಯಾಹ್ನ, ಅಂಗಡಿಯಲ್ಲೇ

ನಿಧಾನವಾಗಿ ಬರೆಯಬೇಕು.

ರಾತ್ರಿ ಲಾರಿ ಓಡಿಸುವವರೊಬ್ಬರು ಹಳದಿ ಗಾಜಿನ ಕನ್ನಡಕ ಬಿಟ್ಟುಹೋಗಿದ್ದರು, ಸ್ಕ್ರೂ ಸಡಿಲ. ಬಿಗಿ ಮಾಡಿದೆ. ಸೊಟ್ಟಗಿದೆಯೇ ಎಂದು ನೋಡಲು ನಾನೇ ಹಾಕಿಕೊಂಡೆ. ಕೌಂಟರಿನ ಮೇಲೆ ಕಾದಂಬರಿ ತೆರೆದಿತ್ತು. ಪುಟ ಬೆಣ್ಣೆಯ ಹಾಗೆ ಹಳದಿ. ಪುಟದ ಮೇಲೆ — ಅವಳ ಕೋಟು. ಅದೇ ಹಸಿರು. ಬಹುತೇಕ ಅಲ್ಲ. ಅದೇ.

ಕನ್ನಡಕ ತೆಗೆದೆ. ಕೆಟ್ಟುಹೋದ ನೀಲಿ ಪಟ್ಟಿ. ಹಾಕಿದೆ, ಹಸಿರು. ತೆಗೆದೆ, ನೀಲಿ.

ಅಂಗಡಿಯ ಯಜಮಾನರು ಒಳಗಿನಿಂದ ಬಂದರು. "ಏನಮ್ಮಾ, ಲಾರಿ ಕಲಿಯೋಕೆ ಹೊರಟ್ರಾ?"

ಹೌದು ಎಂದುಬಿಟ್ಟೆ. ಅವರೇ ಗಾಬರಿಯಾಗಿ ಒಳಗೆ ಹೋದರು.

ಸಂಜೆ

ಫೋನಿನಲ್ಲಿ ಸಿನಿಮಾ ಮತ್ತೆ ಹಾಕಿ ನೋಡಿದೆ. ಕೋಟನ್ನು ಬಿಟ್ಟು ಉಳಿದದ್ದನ್ನೆಲ್ಲ. ದೋಣಿಯಲ್ಲಿ ಕೂತ ಡಾಕ್ಟರ ಬಿಳಿ ಅಂಗಿ ಹಳದಿ. ಬಿಳಿ ಲೋಟ ಹಳದಿ. ಹಿಮವೂ ಹಳದಿ. ಇಡೀ ಕಥೆ ರಾತ್ರಿ, ಲಾಂದ್ರದ ಬೆಳಕಲ್ಲಿ. ಕೊನೆಗೆ ಅವಳು ಲಾಂದ್ರ ಆರಿಸಿ ದಡಕ್ಕೆ ಹತ್ತುತ್ತಾಳೆ. ಬೆಳಗಾಗಿದೆ. ಒಂದು ಉಸಿರಿನಷ್ಟು ಹೊತ್ತು ನಿಂತು ತಿರುಗಿ ನೋಡುತ್ತಾಳೆ. ಕೋಟು ನೀಲಿ. ಬೂದುನೀಲಿ. ನನ್ನ ಪಟ್ಟಿ.

ನಾಲ್ಕು ಸಲ ನೋಡಿದವಳಿಗೆ ಇದು ಕಾಣಲಿಲ್ಲವೇ? ನಾಲ್ಕು ಸಲವೂ ಅಲ್ಲಿ ಅಳುತ್ತಿದ್ದೆ. ಟಾಕೀಸಿನಲ್ಲಿದ್ದವರೆಲ್ಲ ಅಳುತ್ತಿದ್ದರು. ಕಣ್ಣು ತುಂಬಿದಾಗ ಬಣ್ಣ ಯಾರು ನೋಡುತ್ತಾರೆ.

ಅನುವಾದಗಳನ್ನೇ ಓದಿ ಬೆಳೆದವಳು ನಾನು. ಕೈಗೆ ಬಂದದ್ದರ ಹಿಂದೆ ಇನ್ನೊಂದು ಇರುತ್ತದೆಂದು ನನಗಾದರೂ ಹೊಳೆಯಬೇಕಿತ್ತು.

ಜನವರಿ 25, ಶನಿವಾರ

ಸಿಕ್ಕಿಬಿದ್ದೆ. ಗುಬ್ಬಿ ಬಂದಳು — ಅಕ್ಕನ ಮಗಳು, ಹೆಸರಿಗೆ ಗುಬ್ಬಿ, ಬಾಯಿ ಕಾಗೆಯದು. ಚಪ್ಪಲಿ ಬಿಡುವ ಮೊದಲೇ, "ಚಿಕ್ಕಮ್ಮಾ, ನಂಗೇನೋ ಕೋಟು ಹೊಲಿಸ್ತಿದ್ದೀಯಂತೆ! ಅಜ್ಜಿ ಹೇಳಿದ್ಳು. ನಂಗೆ ಹೇಳೋದೇ ಇಲ್ವಾ?"

ನಾನು ಬಕೆಟ್ಟು ನೋಡಿದೆ. ಅವಳು ನನ್ನನ್ನು ನೋಡಿದಳು. ಹಗ್ಗದ ಮೇಲಿನ ಪಟ್ಟಿಗಳನ್ನು ನೋಡಿದಳು.

"ನಿನಗಾ?"

"ಹೂಂ."

ನಗುತ್ತಾಳೆಂದು ಕಾದೆ. ನಗಲಿಲ್ಲ. ನನ್ನ ಕೈ ಹಿಡಿದು ಹಸಿರು ಉಗುರು ತಿರುಗಿಸಿ ನೋಡಿದಳು. "ಹಾಗಾದ್ರೆ ನಾನೂ ಬರ್ತೀನಿ. ಡಾಕ್ಟರ ವೇಷ. ಅಪ್ಪನ ಅಂಗಿ ಇದೆ."

ನೀಲಿಯ ವಿಷಯ ಹೇಳಿದೆ. ಕೈ ಬಿಟ್ಟಳು.

"ತಲೆ ಕೆಟ್ಟಿದ್ಯಾ? ಪೋಸ್ಟರ್ ಹಸಿರು, ಟಿಕೆಟ್ ಹಸಿರು, ಎಲ್ರ ತಲೇಲೂ ಹಸಿರು. ನೀಲಿ ಹಾಕ್ಕೊಂಡು ಹೋದ್ರೆ ನೀನು ಯಾರ ವೇಷ ಅಂತ ನಿನ್ನ ಹಣೆ ಮೇಲೆ ಬರೀಬೇಕಾಗುತ್ತೆ. ನಗ್ತಾರೆ ಚಿಕ್ಕಮ್ಮ. ಇಷ್ಟು ವರ್ಷಕ್ಕೆ ಒಂದು ಸಲ ಹೊರಟಿದ್ದೀಯ. ಹಸಿರೇ ಮಾಡು."

ತಪ್ಪು ಹೇಳಲಿಲ್ಲ ಅವಳು. ಅದೇ ಕಷ್ಟ. ಹಸಿರು ಹಾಕಿದರೆ ಜನ ತಲೆ ಎತ್ತುತ್ತಾರೆ. ನೀಲಿ ಹಾಕಿದರೆ ಹುಬ್ಬು ಎತ್ತುತ್ತಾರೆ. ಬಟ್ಟೆ ಇರುವುದು ಒಂದೇ.

ಜನವರಿ 26, ಭಾನುವಾರ

ದೊಡ್ಡ ಹಂಡೆ ಒಲೆಗೇರಿಸಿದೆ. ಮೊದಲು ಬಟ್ಟೆಯ ಗಂಜಿ ಹೋಗುವವರೆಗೆ ಕುದಿಸಬೇಕು, ಇಲ್ಲದಿದ್ದರೆ ಮಚ್ಚೆ ಮಚ್ಚೆ. ಆಮೇಲೆ ಬಣ್ಣ, ಉಪ್ಪು, ಬಟ್ಟೆ ಸೋಡಾ. ಕೋಲಾಡಿಸುವುದನ್ನು ನಿಲ್ಲಿಸುವಂತಿಲ್ಲ.

ನೀಲಿ ಹಾಕಿದೆ. ಚಿಟಿಕೆ ಕಪ್ಪು. ಹಳದಿಯ ಪೊಟ್ಟಣ ಕಿಟಕಿಯ ಮೇಲೆ. ನೀಲಿಯ ಮೇಲೆ ಹಳದಿ ಇಂದು ಬೇಕಾದರೂ ಹಾಕಬಹುದು, ನಾಳೆಯೂ ಹಾಕಬಹುದು. ಹಾಕಿದ್ದನ್ನು ತೆಗೆಯಲು ಮಾತ್ರ ಆಗದು.

ತೋಳು ಸೋತಿತು. ಅಮ್ಮ ಬಂದು ಕೋಲು ಕಿತ್ತುಕೊಂಡಳು.

"ಸರಿ ಆ ಕಡೆ. ನೀನು ತಿರುಗಿಸೋದು ನೋಡಿದ್ರೆ ಬಣ್ಣಕ್ಕೇ ನಿದ್ದೆ ಬರುತ್ತೆ."

"ಅಮ್ಮಾ, ಇದು ಗುಬ್ಬಿಗಲ್ಲ."

"ಮೊದಲನೇ ದಿನವೇ ಗೊತ್ತಿತ್ತು, ಅದಕ್ಕೇ ಅವಳ ಕಿವಿಗೆ ಹಾಕಿದ್ದು. ಗುಬ್ಬಿಗೆ ಆಗಿದ್ರೆ ನೀನು ಹಾಡ್ಕೊಂಡು ಬಕೆಟ್ ತೊಳೀತಿದ್ಯಾ?"

ಹಾಡುತ್ತಿದ್ದೆನೇ? ನನಗೇ ತಿಳಿಯದು.

ಆ ಹಳದಿ ಯಾಕೆ ಹಾಕಿಲ್ಲ ಎಂದು ಕೇಳಿದಳು. ಹೇಳಿದೆ, ಲಾಂದ್ರ, ಲೋಟ, ಅಂಗಿ, ಎಲ್ಲ. ಹಂಡೆ ತಿರುಗಿಸುತ್ತಲೇ ಕೇಳಿದಳು.

"ಅವಳ ಕೋಟು ನೀಲಿ ಅಂತ ನಿಂಗೆ ಗೊತ್ತಲ್ಲ?"

"ಗೊತ್ತು."

"ಗೊತ್ತಿದ್ದೂ ಹಸಿರು ಹಾಕ್ಕೊಂಡ್ರೆ ಮೈ ಕಡಿಯಲ್ವಾ?"

ಹಳದಿ ಪೊಟ್ಟಣ ಡಬ್ಬಕ್ಕೆ ಹಾಕಿ ಮುಚ್ಚಿದೆ. ನೀರು ತಿಳಿಯಾಗುವವರೆಗೆ ಬಟ್ಟೆ ಜಾಲಿಸಿದೆವು, ಅಮ್ಮ ಒಂದು ತುದಿ, ನಾನು ಒಂದು ತುದಿ. ಹಿಂಡುವಾಗ ಅವಳ ಕಡೆಯೇ ಜೋರು.

ಫೆಬ್ರವರಿ 7, ಶುಕ್ರವಾರ

ಕೋಟು ಬಂತು. ಟೈಲರ್ ಮಡಿಸಿ ಕೊಡಲಿಲ್ಲ, ಹಿಡಿದು ನಿಂತರು. "ಅಕ್ಕನ ಮಗಳು ಒಂದ್ಸಲ ಹಾಕಿ ತೋರಿಸಲಿ." ಅಲ್ಲೇ ಹಾಕಿಕೊಂಡೆ. ಕಾಲರ್ ತಾವೇ ಎತ್ತಿ ನಿಲ್ಲಿಸಿದರು. ಎರಡು ಹೆಜ್ಜೆ ಹಿಂದೆ ಹೋಗಿ ನೋಡಿದರು.

"ಒಪ್ಪಿದೆ ಅವಳಿಗೆ."

ಫೆಬ್ರವರಿ 9, ಭಾನುವಾರ. ಹೊರಡುವ ಮುಂಚೆ

ಗುಬ್ಬಿ ಬಾವನ ಬಿಳಿ ಅಂಗಿಯಲ್ಲಿ ಮುಳುಗಿ ಬಂದಿದ್ದಾಳೆ. "ಈಗಲೂ ಟೈಮಿದೆ, ಹಸಿರು ಶಾಲು ಹೊದ್ಕೋ" ಎಂದಳು. ಬೇಡ ಎಂದೆ.

ಫೆಬ್ರವರಿ 10, ಸೋಮವಾರ

ಕ್ರಮವಾಗಿ ಬರೆಯುತ್ತೇನೆ. ಒಂದೂ ಬಿಡಬಾರದು.

ಟಾಕೀಸಿನ ಹಜಾರದ ತುಂಬ ದೋಣಿಯವಳು. ಎತ್ತರದವಳು, ಗಿಡ್ಡನೆಯವಳು, ಗಡ್ಡ ಬಿಟ್ಟ ಒಬ್ಬ ದೋಣಿಯವಳೂ. ಗಿಳಿ ಹಸಿರು, ಬಾಟಲಿ ಹಸಿರು, ಪಾಚಿ ಹಸಿರು. ನಡುವೆ ನಾನು. ಯಾರೋ ಗುಬ್ಬಿಯನ್ನು ಕೇಳಿದರು, "ನೀವು ಡಾಕ್ಟ್ರು. ಇವರು ಯಾರು, ವಾಚ್‌ಮ್ಯಾನಾ?"

ವೇಷದವರನ್ನೆಲ್ಲ ಪರದೆಯ ಮುಂದೆ ಸಾಲಾಗಿ ನಿಲ್ಲಿಸಿದರು. ಮ್ಯಾನೇಜರ್ ಮೈಕು ಹಿಡಿದು ಒಬ್ಬೊಬ್ಬರನ್ನೇ ಹೊಗಳುತ್ತ ಬಂದರು. ನನ್ನ ಮುಂದೆ ನಿಂತರು. "ಹೊಲಿಗೆ ಚೆನ್ನಾಗಿದೆ ಮೇಡಂ. ಬಣ್ಣ ಮಾತ್ರ… ಒಗೆದುಬಿಟ್ರಾ?" ಟಾಕೀಸೆಲ್ಲ ನಗು. ಬಾಟಲಿ ಹಸಿರಿನ ಹುಡುಗಿಗೆ ಬಹುಮಾನ, ಒಂದು ಹಿತ್ತಾಳೆ ಲಾಂದ್ರ.

ಕೊನೆಯ ಸಾಲಿಗೆ ಹೋಗಿ ಕೂತೆ. ಕಿವಿ ಸುಡುತ್ತಿತ್ತು. ಗುಬ್ಬಿ ಪಿಸುಗುಟ್ಟಿದಳು, "ಹೋಗೋಣ್ವಾ?" ಕೊನೆಯವರೆಗೆ ಕೂರು ಎಂದೆ.

ದೀಪ ಆರಿತು. ನದಿ. ಲಾಂದ್ರ. ಕೋಟು ಹಸಿರೋ ಹಸಿರು. ಗುಬ್ಬಿ ನನ್ನನ್ನು ಒಮ್ಮೆ ತಿರುಗಿ ನೋಡಿದಳು, ಪಾಪ ಎನ್ನುವ ಹಾಗೆ. ನನಗೂ ಒಂದು ಕ್ಷಣ ಅನುಮಾನ. ಹೊಸ ಪ್ರಿಂಟಿನಲ್ಲಿ ಬೆಳಗನ್ನೂ ಹಳದಿ ಮಾಡಿಬಿಟ್ಟಿದ್ದರೆ?

ಕೊನೆಗೆ ಅವಳು ಲಾಂದ್ರ ಊದಿದಳು. ದಡ ಹತ್ತಿದಳು. ಆಕಾಶ ಬಿಳಿ. ಹಿಮ ಬಿಳಿ. ಪರದೆಯ ಎತ್ತರಕ್ಕೂ ನಿಂತ ಕೋಟು — ನೀಲಿ.

ಈ ಸಲ ಅಳಲಿಲ್ಲ. ಕಣ್ಣರಳಿಸಿ ನೋಡಿದೆ.

ಮೊದಲು ಒಂದು ಮಗುವಿನ ದನಿ, "ಅಮ್ಮಾ, ನೀಲಿ!" ಆಮೇಲೆ ಮುಂದಿನ ಸಾಲಿನಲ್ಲಿ ಗುಸುಗುಸು. ಒಂದು ತಲೆ ತಿರುಗಿತು. ಅದರ ಪಕ್ಕದ್ದು. ಬಾಟಲಿ ಹಸಿರಿನ ಹುಡುಗಿ ಎದ್ದೇ ನಿಂತಳು. "ಆ ನೀಲಿ ಕೋಟಿನವರು ಎಲ್ಲಿ? ಹೋಗ್ಬಿಟ್ರಾ?"

ಗುಬ್ಬಿ ಸೀಟಿನ ಮೇಲೆ ಹತ್ತಿ ಅಪ್ಪನ ಅಂಗಿಯ ತೋಳು ಬೀಸಿದಳು. "ಇಲ್ಲಿದ್ದಾರೆ! ನಮ್ಮ ಚಿಕ್ಕಮ್ಮ! ಇಲ್ಲಿ!"

ದೀಪ ಹೊತ್ತಿತು. ಕೊನೆಯ ಸಾಲನ್ನು ನೋಡಲು ಇಡೀ ಟಾಕೀಸು ಕತ್ತು ತಿರುಗಿಸಿತ್ತು. ಚಪ್ಪಾಳೆ ಎಲ್ಲಿಂದ ಶುರುವಾಯಿತೋ ತಿಳಿಯಲಿಲ್ಲ. ಎದ್ದೆ. ಮೆಟ್ಟಿಲಿಳಿದು ಮುಂದೆ ನಡೆದೆ. ಅವಳು ದೋಣಿಗೆ ಇಳಿಯುವ ಹಾಗೆ, ಅವಸರವಿಲ್ಲದೆ. ಕೋಟಿನ ಅಂಚು ಮೊಣಕಾಲಿಗೆ ಬಡಿಯುತ್ತಿತ್ತು. ಟೈಲರ್ ಎಷ್ಟು ಸರಿಯಾಗಿ ಬಿಟ್ಟಿದ್ದಾರೆ.

ಮ್ಯಾನೇಜರ್ ಮೈಕು ನನ್ನ ಬಾಯಿಗೆ ಹಿಡಿದರು. "ಮೇಡಂ, ಸೋತೆ. ನಿಮಗೆ ಹೇಗೆ ಗೊತ್ತಾಯ್ತು?"

ಇಷ್ಟು ಜನರ ಮುಂದೆ ಹಿಂದೆಂದೂ ಮಾತಾಡಿಲ್ಲ. ದನಿ ತಾನಾಗಿ ಬಂತು.

"ಆ ಹಸಿರು ಕೋಟಿನದಲ್ಲ. ಲಾಂದ್ರದ್ದು."

ಬಾಟಲಿ ಹಸಿರಿನ ಹುಡುಗಿ ಲಾಂದ್ರ ತಂದು ನನ್ನ ಕೈಗಿಟ್ಟಳು. ಬೇಡ ಎಂದೆ. "ಇಟ್ಕೊಳ್ಳಿ ಆಂಟಿ, ನಂಗೂ ಒಂದು ಕೋಟು ನೀಲಿ ಮಾಡಿಕೊಡಿ" ಎಂದಳು. ಆ ವ್ಯಾಪಾರಕ್ಕೆ ಒಪ್ಪಿದೆ.

ಮನೆಗೆ ಬಂದರೆ ಅಕ್ಕನ ಫೋನು. ಗುಬ್ಬಿ ಆಗಲೇ ಚಿತ್ರ ಕಳಿಸಿದ್ದಳಂತೆ. ಮೊಣಕಾಲಿನ ಸುದ್ದಿಯೇ ಇಲ್ಲ. "ಲೇ… ನೀಲಿ ನಿಂಗೆ ಇಷ್ಟು ಒಪ್ಪುತ್ತೆ ಅಂತ ಯಾರೂ ಹೇಳೇ ಇಲ್ವಲ್ಲೇ."

ನಾನೂ ವಿವರಿಸಲಿಲ್ಲ.

ಫೆಬ್ರವರಿ 17, ಸೋಮವಾರ. ಬೆಳಿಗ್ಗೆ

ಬಚ್ಚಲಲ್ಲಿ ಎರಡನೆಯ ಕೋಟಿನ ನೀಲಿ. ಅಮ್ಮ ಹಂಡೆ ಬಿಟ್ಟುಕೊಡುತ್ತಿಲ್ಲ. ಹೊರಗೆ ಚಳಿ. ಬೂದು ಸ್ವೆಟರ್ ಕೈಗೆತ್ತಿಕೊಂಡೆ, ವಾಪಸ್ಸು ಇಟ್ಟೆ. ಇವತ್ತು ಅಂಗಡಿಗೆ ಕೋಟಿನಲ್ಲೇ ಹೋಗುವುದು. ಬಾಗಿಲು ತೆಗೆದು ಒಳಗೆ ಕಾಲಿಟ್ಟಾಗ ಯಜಮಾನರು ಏನೆನ್ನುತ್ತಾರೋ… ಬಸ್ಸಿಗೆ ತಡವಾಯಿತು. ಎಡಗೈಯಲ್ಲಿ ಗುಂಡಿ ಹಾಕಿಕೊಳ್ಳುತ್ತ ಬರೆಯುತ್ತಿದ್ದೇನೆ, ಮೇಲಿನದೊಂದು ಬಾಕಿ —