ಮನೆಗೊಬ್ಬನೇ ಹಾರ್ಟ್ ಪೇಶಂಟ್

13 ನವೆಂಬರ್ 2025, ಗುರುವಾರ

ಇವತ್ತು ಮೋಹಿನಿಯ ಹದಿಮೂರನೇ ದಿನದ ಬೊಜ್ಜ, ಉತ್ತರಕ್ರಿಯೆ, ಮುಗಿಯಿತು. ಬಂದವರೆಲ್ಲ ವಿಚಾರಿಸಿದ್ದು ನನ್ನ ಆರೋಗ್ಯವನ್ನು. ಸಿಟ್ಟು ನೆತ್ತಿಗೇರಿತು. ಸತ್ತದ್ದು ನನ್ನ ಹೆಂಡತಿ, ನಾನಲ್ಲ.

ಎರಡು ವರ್ಷದ ಹಿಂದೆ ಡಾಕ್ಟರ್ ನನಗೆ ಹಾರ್ಟಿನಲ್ಲಿ ಬ್ಲಾಕ್ ಇದೆ ಎಂದರು. ಅಂದಿನಿಂದ ಈ ಮನೆಯಲ್ಲಿ ಸಾಯುವ ಹಕ್ಕು ನನಗೊಬ್ಬನಿಗೇ ಎಂಬಂತಾಯಿತು. ದಹಿಸರ್ ಮಾರ್ಕೆಟಿನಿಂದ ತರಕಾರಿ ಚೀಲ ಹೊತ್ತು, ಲಿಫ್ಟ್ ಇಲ್ಲದ ಈ ಬಿಲ್ಡಿಂಗಿನ ಮೂರು ಮಾಳಿಗೆ ಹತ್ತುತ್ತಿದ್ದವಳು ಅವಳು. ನಾನು ಬರಿಗೈಯಲ್ಲಿ ಮುಂದೆ.

ಕಳೆದ ತಿಂಗಳು ಎರಡನೇ ಮಾಳಿಗೆಯಲ್ಲಿ ಕೂತುಬಿಟ್ಟಳು. ಎದೆ ಹಿಡಿದ ಹಾಗಾಗುತ್ತದೆ ಎಂದಳು.

“ಹಾರ್ಟ್ ಪೇಶಂಟ್ ನಾನು. ನಿನಗೆಂತ ಧಾಡಿ ಮಾರಾಯ್ತಿ?” ಎಂದು ಗದರಿದೆ.

ನಕ್ಕಳು. “ಹೌದು ಮಾರಾಯ್ರೆ, ಅದೂ ನಿಮಗೇ ಇರ್ಲಿ. ನನ್ನದು ಬರೀ ಗ್ಯಾಸ್.”

ಇಬ್ಬರೂ ಅದನ್ನೇ ನಂಬಿದೆವು, ಅವಳು ಹಾರ್ಟ್ ಅಟ್ಯಾಕಿನಲ್ಲಿ ಹೋಗುವವರೆಗೂ. ಪ್ರತಿ ತಿಂಗಳು ನನ್ನನ್ನು ತಪಾಸಣೆಗೆ ಕರೆದುಕೊಂಡು ಹೋಗಿ, ನನ್ನ ಫೈಲ್ ಹಿಡಿದು ಹೊರಗೆ ಬೆಂಚಿನ ಮೇಲೆ ಕೂರುತ್ತಿದ್ದಳು. ಇವಳನ್ನೂ ಒಮ್ಮೆ ನೋಡಿ ಡಾಕ್ಟ್ರೇ ಎಂಬ ಮಾತು ನನ್ನ ಬಾಯಿಗೆ ಒಂದು ದಿನವೂ ಬರಲಿಲ್ಲ.

ಮಧ್ಯಾಹ್ನ ಅವಳ ಹೆಸರಿನಲ್ಲಿ ಎಲೆ ಬಡಿಸುವಾಗ ಅಳು ತಡೆಯಲಾಗಲಿಲ್ಲ. ಮಗಳು ಯಕ್ಷಿತಾ ಓಡಿ ಬಂದಳು. “ಅಳಬೇಡಿ ಪಪ್ಪಾ, ನಿಮ್ಮ ಹಾರ್ಟಿಗೆ ಒಳ್ಳೇದಲ್ಲ.”

ಕಣ್ಣು ಒರೆಸಿಕೊಂಡು ಬಡಿಸುವುದನ್ನು ಮುಗಿಸಿದೆ.

ಈಗ ಕೋಣೆಯಲ್ಲಿ ಒಬ್ಬನೇ ಇದ್ದೇನೆ. ಎಷ್ಟು ಬೇಕಾದರೂ ಅಳಬಹುದು, ಬೇಡ ಎನ್ನುವವರಿಲ್ಲ. ಆದರೆ ಅಳು ಬಂದ ಕೂಡಲೇ ಕೈ ತಾನಾಗಿ ಎದೆಯ ಮೇಲೆ ಹೋಗುತ್ತದೆ. ನನ್ನದು ಸರಿ ಇದೆಯಾ ಎಂದು ನೋಡುತ್ತದೆ. ಥೂ.