ಮೂರನೇ ಮಹಡಿಯಲ್ಲಿ ಎಷ್ಟು ಜನ

1983 ಮಾರ್ಚ್ 5, ಶನಿವಾರ

ಈ ವಾರ ಮೆಟ್ಟಿಲು ತೊಳೆಯುವ ಸರದಿ ನನ್ನದು. ಸರದಿಯ ಫಲಕ ಸೋಮವಾರದಿಂದ ನಮ್ಮ ಬಾಗಿಲಿಗೇ ನೇತಾಡುತ್ತಿದೆ. ಮೊದಲು ಬ್ರೆಡ್ಡು ತಂದುಬಿಡೋಣ, ಆಮೇಲೆ ತೊಳೆದರಾಯಿತು ಎಂದು ಬೇಕರಿಗೆ ಹೋದೆ. ವಾಪಸು ಬಂದರೆ ಮೆಟ್ಟಿಲೆಲ್ಲ ಒದ್ದೆ, ಸೋಪಿನ ವಾಸನೆ. ಎರಡನೇ ಮಹಡಿಯ ತಿರುವಿನಲ್ಲಿ ಡೋರಿಸ್! ಮಂಡಿಯೂರಿಕೊಂಡು ತಿಕ್ಕುತ್ತಿದ್ದಾಳೆ. ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದಾರೆ, ಕೆಳಗಿನ ಮನೆಯ ಬೋಸ್ಲರ್.

ಏಳು ವಾರದಿಂದ ಅವಳು ನನ್ನ ಹಿಂದಿನ ಕೋಣೆಯಲ್ಲಿರುವುದು ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಕರೆಗಂಟೆಯ ಮೇಲೆ ಹೆಸರಿಲ್ಲ, ಅಂಚೆ ಡಬ್ಬಿಯ ಮೇಲಿಲ್ಲ, ನಗರಸಭೆಯ ನೋಂದಣಿಯಲ್ಲೂ ಇಲ್ಲ.

"ಫ್ರೌ ನೇಗೆಲೆ, ನಿಮ್ಮನೇಲಿ ಈಗ ಇಬ್ಬರಾ?"

"ಅಣ್ಣನ ಮಗಳು. ನಾಲ್ಕು ದಿನ ಇದ್ದು ಹೋಗೋಕೆ ಬಂದಿದಾಳೆ."

"ನಿಮಗೊಬ್ಬ ಅಣ್ಣ ಇರೋದು ಗೊತ್ತೇ ಇರ್ಲಿಲ್ಲ."

"ನಿಮ್ಮ ವಿಷಯನೂ ನನಗೆಲ್ಲಾ ಗೊತ್ತಿಲ್ಲ, ಬಿಡಿ."

"ಕೆಲಸ ಮಾತ್ರ ಅಚ್ಚುಕಟ್ಟು. ಕಾಲೊರಸಿನ ಅಡೀಲೂ ತೊಳ್ದಿದಾರೆ. ನೀವು ತೊಳೆಯಲ್ಲ."

ಇಲ್ಲದ ಅಣ್ಣನನ್ನು ಹುಟ್ಟಿಸಿ, ಒಳಗೆ ಬಂದು ಅವಳಿಗೆ ಚೆನ್ನಾಗಿ ಬೈದೆ. ತಲೆ ತಗ್ಗಿಸಿಕೊಂಡು, "ಇಷ್ಟು ದಿನ ಓಡಾಡಿ ಕೊಳೆ ಮಾಡಿದೀನಲ್ಲ ಹೆಡಿ ಅತ್ತೆ... ಒಂದ್ಸಲನಾದ್ರೂ ತೊಳೀದೆ ಹೇಗಿರ್ಲಿ?" ಎಂದಳು.

ಗಂಡನ ಮನೆಯಿಂದ ಓಡಿ ಬರಲು ಧೈರ್ಯವಿತ್ತು. ಸರದಿ ತಪ್ಪಿಸಲು ಇರಲಿಲ್ಲ. ನಾವು ಶ್ವಾಬಿಯಾ ಸೀಮೆಯವರ ಹಣೆಬರಹವೇ ಇಷ್ಟು, ಪ್ರಾಣ ಹೋದರೂ ಮೆಟ್ಟಿಲು ತೊಳೆಯಬೇಕು.

ಮಾರ್ಚ್ 9, ಬುಧವಾರ

ಏಪ್ರಿಲ್ 27ಕ್ಕೆ ದೇಶಕ್ಕೆಲ್ಲ ಜನಗಣತಿ. ಪ್ರತಿ ಮನೆಗೂ ಗಣತಿದಾರ ಬರುತ್ತಾನೆ. ಯಾರ್ಯಾರಿದ್ದೀರಿ, ಎಲ್ಲಿ ಕೆಲಸ, ಹೇಗೆ ಓಡಾಡುತ್ತೀರಿ... ಎಲ್ಲ ಬರೆಯಬೇಕು. ಬರೆಯದಿದ್ದರೆ, ಸುಳ್ಳು ಬರೆದರೆ ದಂಡ. ನನಗೇನು, ಬರೆಯೋಣ ಎಂದುಕೊಂಡೆ. ಖಾಲಿ ರಸ್ತೆಯಲ್ಲೂ ಕೆಂಪು ದೀಪ ಹೋಗುವವರೆಗೆ ನಿಂತಿರುವವಳು ನಾನು.

ಆಮೇಲೆ ಪತ್ರಿಕೆಯ ಇನ್ನೊಂದು ಪುಟ ಓದಿದೆ. ತುಂಬಿದ ಹಾಳೆಗಳನ್ನು ನಗರಸಭೆಯ ನಿವಾಸಿ ನೋಂದಣಿಯೊಂದಿಗೆ ತಾಳೆ ನೋಡುತ್ತಾರಂತೆ. ಬಿಟ್ಟುಹೋದವರನ್ನು ಸೇರಿಸುತ್ತಾರಂತೆ. ಸೇರಿಸಿದರೆ ಹಳೆಯ ಊರಿಗೆ ಒಂದು ಚೀಟಿ ಹೋಗುತ್ತದೆ: ಇಂಥವರು ಈಗ ಇಂಥ ಬೀದಿ, ಇಂಥ ಮನೆ.

ಡೋರಿಸಳ ಹಳೆಯ ಊರಿನಲ್ಲಿ ಆ ಚೀಟಿ ಬಂದು ಬೀಳುವುದು ಅವಳ ಗಂಡನ ಮೇಜಿನ ಮೇಲೆ. ಅವನು ಅಲ್ಲಿಯ ನೋಂದಣಿ ಗುಮಾಸ್ತ.

ಪತ್ರಿಕೆಯನ್ನು ಅವಳಿಗೆ ಕಾಣದಂತೆ ಕಸದ ಬುಟ್ಟಿಗೆ ಹಾಕಿದೆ. ಆದರೆ ಅವಳು ಅದಾಗಲೇ ಓದಿದ್ದಳು.

ಮಾರ್ಚ್ 10

ಇನ್ನೂ ಚೆನ್ನಾಗಾಯಿತು. ನಮ್ಮ ಮನೆಸಾಲಿಗೆ ಗಣತಿದಾರ ಯಾರು? ಬೋಸ್ಲರ್! ನಿವೃತ್ತ ಅಂಚೆಯವರು, ಶಿಸ್ತಿನ ಮನುಷ್ಯ, ಬಿಡುವು ಬೇಕಾದಷ್ಟಿದೆ. ಹೊಸ ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಲ್ಲೇ ತೋರಿಸಿದರು. ಕಸದ ಡಬ್ಬಿ ಅರ್ಧ ಗಂಟೆ ತಡವಾಗಿ ಹೊರಗಿಟ್ಟರೂ ಚೀಟಿ ಅಂಟಿಸುವ ಮನುಷ್ಯ. ಇನ್ನು ತಲೆ ಎಣಿಸುವುದು ಬಿಟ್ಟಾರೆಯೆ?

ಮಾರ್ಚ್ 16, ಬುಧವಾರ

ಗ್ರಂಥಾಲಯದಲ್ಲಿ ಸಿಲ್ಕೆ ನನ್ನ ಮುಖ ನೋಡಿಯೇ ಏನೋ ಆಗಿದೆ ಎಂದು ಹಿಡಿದಳು. ನನ್ನ ಜೊತೆ ಕೌಂಟರಿನಲ್ಲಿ ಕೂರುವ ಹುಡುಗಿ, ಇಪ್ಪತ್ತಾರು ವರ್ಷ, ಬಾಯಿ ದೊಡ್ಡದು. ಗಣತಿಗೆ ಉತ್ತರ ಕೊಡಬಾರದೆಂದು ಊರೆಲ್ಲ ಕರಪತ್ರ ಹಂಚುತ್ತಿದ್ದಾಳೆ.

"ನಿಮ್ಮಂಥೋರಿಗೆ ಭಯ ಯಾಕೆ ಅಂತೀನಿ. ಮುಚ್ಚಿಡೋಕೇನಿದೆ ನಿಮ್ಮ ಹತ್ರ?" ಎಂದು ಕೆಣಕಿದಳು.

"ಮುಚ್ಚಿಡೋಕೆ ಏನೂ ಇಲ್ಲದವಳು ಒಳಬಟ್ಟೆ ಯಾಕೆ ಹಾಕ್ಕೋತೀಯ?" ಎಂದೆ.

ನಕ್ಕು ನಕ್ಕು ಕಾರ್ಡುಗಳನ್ನು ನೆಲಕ್ಕೆ ಚೆಲ್ಲಿದಳು. ಮುಂದಿನ ಕರಪತ್ರದಲ್ಲಿ ಅದನ್ನೇ ಹಾಕುತ್ತಾಳಂತೆ. ನನ್ನ ಹೆಸರು ಹಾಕಿದರೆ ಕೊಂದುಬಿಡುತ್ತೇನೆ ಎಂದಿದ್ದೇನೆ.

ಮಧ್ಯಾಹ್ನ ಯಾರೂ ಇಲ್ಲದಾಗ ಕಾನೂನಿನ ಕಪಾಟಿನಿಂದ ಒಂದೊಂದೇ ತೆಗೆದು ಓದಿದೆ. 1948, ವಿಶ್ವಸಂಸ್ಥೆಯ ಘೋಷಣೆ, ಹನ್ನೆರಡನೇ ವಿಧಿ: ಯಾರ ಖಾಸಗಿ ಬದುಕು, ಸಂಸಾರ, ಮನೆ, ಪತ್ರಗಳಲ್ಲೂ ಮನಬಂದಂತೆ ಕೈ ಹಾಕುವಂತಿಲ್ಲ. 1949, ನಮ್ಮ ಸಂವಿಧಾನ: ಒಂದನೆಯದು ಮನುಷ್ಯನ ಘನತೆ, ಹತ್ತನೆಯದು ಪತ್ರಗಳ ಗುಟ್ಟು, ಹದಿಮೂರನೆಯದು ಮನೆ. 1950, ಯುರೋಪಿನ ಒಪ್ಪಂದದ ಎಂಟನೆಯದು. ಮೂರು ವರ್ಷದಲ್ಲಿ ಮೂರು! ಎಲ್ಲರಿಗೂ ಒಮ್ಮೆಗೇ ಯಾಕೆ ನೆನಪಾಯಿತು ಎಂದು ಕೇಳಬೇಕಾದವಳು ನಾನಲ್ಲ. ನನಗೆ ಗೊತ್ತು.

ಆದರೆ ಒಂದರಲ್ಲೂ ಗಣತಿಯ ಮಾತಿಲ್ಲ, ಹಾಳೆಯ ಮಾತಿಲ್ಲ. ಬಾಗಿಲು ಒಡೆದು ಬರುವವನನ್ನು ತಡೆಯಬಹುದು. ಬಾಗಿಲು ತಟ್ಟಿ, ಟೋಪಿ ತೆಗೆದು, ಪೆನ್ನು ಕೊಡುವವನನ್ನು?

ಮಾರ್ಚ್ 20, ಭಾನುವಾರ

ಬರೆದುಬಿಡುತ್ತೇನೆ. ಇದುವರೆಗೆ ಎಲ್ಲೂ ಬರೆದಿಲ್ಲ.

1939ರ ಮೇ. ನನಗೆ ಹದಿನೈದು. ಆಗಲೂ ಗಣತಿ. ಆಗ ದೊಡ್ಡ ಹಾಳೆಯ ಜೊತೆ ಒಂದು ಚಿಕ್ಕ ಕಾರ್ಡಿತ್ತು. ನಿಮ್ಮ ಅಜ್ಜ ಅಜ್ಜಿ ನಾಲ್ವರಲ್ಲಿ ಯಹೂದಿಗಳು ಯಾರು ಯಾರು? ಬರೆದು ಲಕೋಟೆಯಲ್ಲಿಟ್ಟು ಅಂಟಿಸಬೇಕು. ಮೇಲಿನ ಮನೆಯ ಫ್ರೌ ಲೇವಿಂಗರ್ ಕಾರ್ಡು ಹಿಡಿದು ಅಪ್ಪನ ಬಳಿ ಬಂದಿದ್ದರು. ಬಟ್ಟೆಯ ಗುಂಡಿಗಳ ಅಂಗಡಿ ಇಟ್ಟಿದ್ದವರು. ಅಂಗಡಿ ಆಗಲೇ ಹೋಗಿತ್ತು. "ಏನು ಬರೀಲಿ, ನೀವೇ ಹೇಳಿ" ಎಂದರು. ಅಪ್ಪ ಸತ್ಯವಂತ. "ಇದ್ದದ್ದು ಇದ್ದ ಹಾಗೆ ಬರೀರಿ. ಲಕೋಟೆ ಅಂಟಿಸಿರುತ್ತೆ, ಯಾರೂ ನೋಡಲ್ಲ" ಎಂದರು. ಅಂಟನ್ನು ನಾಲಿಗೆಯಿಂದ ಒದ್ದೆ ಮಾಡಿ ಅಂಟಿಸಿಕೊಟ್ಟವರೂ ಅಪ್ಪನೇ.

ಎರಡೂವರೆ ವರ್ಷದ ಮೇಲೆ, ಡಿಸೆಂಬರಿನಲ್ಲಿ, ಫ್ರೌ ಲೇವಿಂಗರರನ್ನು ಕರೆದುಕೊಂಡು ಹೋದರು. ರೈಲು. ಮರಳಿ ಬರಲಿಲ್ಲ.

ಆ ಲಕೋಟೆಯಿಂದಲೇ ಹಾಗಾಯಿತು ಎಂದು ಹೇಳಲಾರೆ. ಅವರ ಹೆಸರು ಇನ್ನೂ ಹತ್ತು ಪಟ್ಟಿಗಳಲ್ಲಿದ್ದಿರಬೇಕು. ಅಪ್ಪನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಸತ್ತರು. ಆದರೆ ನಾನೀಗ ಅಪ್ಪನ ಕುರ್ಚಿಯಲ್ಲಿ ಕೂತಿದ್ದೇನೆ. ಡೋರಿಸ್ ಬಂದು, ಏನು ಬರೆಯಲಿ ಅತ್ತೆ ಎಂದರೆ ಏನು ಹೇಳಲಿ? ಹೆದರಿಕೆಯಾಗುತ್ತದೆ. ನಾಚಿಕೆಯೂ ಆಗುತ್ತದೆ.

ಮಾರ್ಚ್ 26, ಶನಿವಾರ

ಬೋಸ್ಲರ್ ಬಂದಿದ್ದರು. ಮನೆಮನೆಯ ಪಟ್ಟಿ ಮೊದಲೇ ತಯಾರು ಮಾಡಿಕೊಳ್ಳಬೇಕಂತೆ. ಹಲಗೆಗೆ ಸಿಕ್ಕಿಸಿದ ಹಾಳೆ, ಕಿವಿಯ ಮೇಲೆ ಪೆನ್ನು.

"ಅಣ್ಣನ ಮಗಳು ಹೊರಟ್ರಾ?"

"ಇವತ್ತೋ ನಾಳೆಯೋ."

"ನಾಲ್ಕು ದಿನ ಅಂದಿದ್ರಿ. ಮೂರು ವಾರ ಆಯ್ತು."

"ನಿಮಗೆ ಎಣಿಸೋದೇ ಕೆಲಸ, ಎಣಿಸಿ."

ನನ್ನನ್ನೇ ನೋಡಿದರು. ಆಮೇಲೆ ಏನೋ ಬರೆದುಕೊಂಡರು. ಹಲಗೆಯನ್ನು ಎದೆಗೆ ಒತ್ತಿಕೊಂಡು ಬರೆದದ್ದರಿಂದ ಕಾಣಿಸಲಿಲ್ಲ. ಪೆನ್ನಿನ ಮೂತಿ ಮುಚ್ಚಿ, ಶುಭದಿನ ಹೇಳಿ ಇಳಿದು ಹೋದರು.

ಬರೆದಾಯಿತು. ಮುಗಿಯಿತು.

ಏಪ್ರಿಲ್ 2, ಈಸ್ಟರಿನ ಹಿಂದಿನ ದಿನ

ಮೊಟ್ಟೆಗಳಿಗೆ ಬಣ್ಣ ಹಾಕುತ್ತಿದ್ದೆವು. ಅವಳ ಕೋಣೆಯ ಕಪಾಟಿನಲ್ಲಿದ್ದ ಹಳೆಯ ಚಮಚ ತರಲು ಹೋದೆ — ಪೆಟ್ಟಿಗೆ ಕಟ್ಟಿಟ್ಟಿದ್ದಾಳೆ.

"ಎಲ್ಲಿಗೆ?"

"ಎಲ್ಲಿಗಾದ್ರೂ. ನಿಮಗೆ ದಂಡ ಬೀಳ್ಬಾರ್ದು. ಕೆಲಸಕ್ಕೆ ಸಂಚಕಾರ ಬರ್ಬಾರ್ದು."

"ನನ್ನ ಕೆಲಸದ ಯೋಚನೆ ನಿನಗ್ಯಾಕೆ? ಎಂಟು ವರ್ಷದವಳಾಗಿದ್ದಾಗ ನಮ್ಮ ಪಕ್ಕದ ಮನೆಯಿಂದ ಬಂದು ನನ್ನ ಪುಸ್ತಕಕ್ಕೆಲ್ಲ ಜಾಮ್ ಮೆತ್ತಿದವಳು ನೀನು. ಆಗ ಬಾರದ ಸಂಕೋಚ ಈಗ್ಯಾಕೆ?"

ನಗಲಿಲ್ಲ. ಮೆಲ್ಲಗೆ ಹೇಳಿದಳು. "ನನ್ನ ನೋಂದಣಿ ಕಾರ್ಡು ಅವನು ಡ್ರಾಯರಿನಲ್ಲಿಡಲ್ಲ ಅತ್ತೆ. ಮೇಜಿನ ಮೇಲೇ ಇಟ್ಕೊಂಡಿರ್ತಾನೆ. ನನಗ್ಗೊತ್ತು. ಬೆಳಿಗ್ಗೆ ಬಂದ ಟಪಾಲಿನಲ್ಲಿ ಮೊದಲು ನನ್ನ ಚೀಟಿ ಹುಡುಕ್ತಾನೆ. ಅವನೇನೂ ನನ್ನ ಹುಡುಕ್ಕೊಂಡು ಅಲೆಯೋದು ಬೇಕಿಲ್ಲ. ಕೂತಲ್ಲೇ ಕೂತಿದ್ರೆ ಸಾಕು, ಸರ್ಕಾರವೇ ನನ್ನ ತಂದು ಅವನ ಕೈಗಿಡುತ್ತೆ."

ಎಡ ಮಣಿಕಟ್ಟನ್ನು ಸವರಿಕೊಳ್ಳುತ್ತಿದ್ದಳು. ಎರಡು ಸಲ ಮುರಿದದ್ದು. ಪೆಟ್ಟಿಗೆಯನ್ನು ನಾನೇ ಬಿಚ್ಚಿ ಬಟ್ಟೆಗಳನ್ನು ಕಪಾಟಿಗೆ ಹಾಕಿದೆ. ನನ್ನ ಕೈಗೆಲ್ಲ ಬಣ್ಣವಿತ್ತು, ಅವಳ ಬಿಳಿ ಅಂಗಿಯ ಮೇಲೆ ಹಸಿರು ಬೆರಳು ಮೂಡಿತು. ಹಾಳೆಯಲ್ಲಿ ಒಂದೇ ಹೆಸರು ಬರೆಯುತ್ತೇನೆ. ಸುಳ್ಳು. ತೀರ್ಮಾನ ಮಾಡಿಬಿಟ್ಟೆ. ಬೋಸ್ಲರ್ ಹಿಡಿದರೆ ಹಿಡಿಯಲಿ.

ಏಪ್ರಿಲ್ 13, ಬುಧವಾರ

ನಿಂತಿತು! ಗಣತಿ ನಿಂತಿತು!

ಗ್ರಂಥಾಲಯದ ಹಿಂದಿನ ಕೋಣೆಯ ರೇಡಿಯೋದಲ್ಲಿ ಕೇಳಿದ್ದು. ಯಾರೋ ಸಾಮಾನ್ಯ ಜನ ಸಂವಿಧಾನ ನ್ಯಾಯಾಲಯಕ್ಕೆ ದೂರು ಕೊಟ್ಟಿದ್ದರು. ಪೂರ್ತಿ ವಿಚಾರಣೆ ಆಗುವವರೆಗೆ ಗಣತಿ ಮಾಡಕೂಡದು ಎಂದು ಕಾರ್ಲ್ಸ್‌ರೂಹೆಯ ನ್ಯಾಯಾಧೀಶರು ಹೇಳಿದರು. ಎರಡು ವಾರ ಬಾಕಿ ಇರುವಾಗ! ಸಿಲ್ಕೆ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಓದಲು ಬಂದಿದ್ದ ಮುದುಕರೊಬ್ಬರು ಶ್ಶ್ ಎಂದರು. ಇಪ್ಪತ್ತೆರಡು ವರ್ಷದಲ್ಲಿ ಆ ಕಟ್ಟಡದಲ್ಲಿ ನನಗೆ ಯಾರೂ ಶ್ಶ್ ಎಂದಿರಲಿಲ್ಲ.

ಮೂರು ಮಹಡಿ ಹೇಗೆ ಹತ್ತಿದೆನೋ. ಹೇಳಿದೆ. ಡೋರಿಸ್ ಸ್ಟೂಲಿನ ಮೇಲೆ ಕುಸಿದು ಕೂತಳು. ಅತ್ತಳು, ಮೂಗು ಒರೆಸಿಕೊಂಡಳು, ಆಮೇಲೆ ಹಸಿವಾಗುತ್ತದೆ ಎಂದಳು. ಇದ್ದ ನೂಡಲ್ಲನ್ನೆಲ್ಲ ಬೆಣ್ಣೆ, ಚೀಸಿನಲ್ಲಿ ಹುರಿದೆ. ಬಾಣಲೆಯಿಂದಲೇ ತಿಂದೆವು.

ಸಂಜೆ ಮೆಟ್ಟಿಲಲ್ಲಿ ಬೋಸ್ಲರ್ ಸಿಕ್ಕರು. ನೂರಾರು ಹಾಳೆ ತುಂಬಿದ ಚೀಲ, ಬಾಡಿದ ಮುಖ. ಚೂಪು ಮಾಡಿಟ್ಟ ಪೆನ್ಸಿಲ್ಲುಗಳೇ ಹನ್ನೆರಡಂತೆ. ಪಾಪ ಎನಿಸಿತು. ನಗುವನ್ನೂ ತಡೆಯಲಾಗಲಿಲ್ಲ.

ಜುಲೈ 30

ಬಹಳ ದಿನದಿಂದ ಬರೆದಿಲ್ಲ. ಬರೆಯುವಂಥ ಭಯವೇನೂ ಇಲ್ಲದಿದ್ದರೆ ಪುಸ್ತಕದ ನೆನಪೇ ಆಗುವುದಿಲ್ಲ. ಡೋರಿಸ್ ಹಗಲಲ್ಲೇ ಹೊರಗೆ ಹೋಗುತ್ತಾಳೆ. ಸಿಲ್ಕೆ ಒಬ್ಬ ವಕೀಲೆಯನ್ನು ಹುಡುಕಿಕೊಟ್ಟಿದ್ದಾಳೆ. ಬೋಸ್ಲರ್ ಏನೂ ಕೇಳುವುದಿಲ್ಲ. ಅದೇ ನನಗೆ ಕಸಿವಿಸಿ. ಆ ಹಲಗೆಯ ಮೇಲೆ ಬರೆದದ್ದು ಎಲ್ಲಿಗೆ ಹೋಯಿತು?

ಅಕ್ಟೋಬರ್ 19

ಕಾರ್ಲ್ಸ್‌ರೂಹೆಯಲ್ಲಿ ವಿಚಾರಣೆ. ತೀರ್ಪು ಇನ್ನೂ ಇಲ್ಲ. ಗಣತಿ ಸರಿ ಎಂದುಬಿಟ್ಟರೆ ಮೊದಲಿನಿಂದ ಶುರು. ಡೋರಿಸ್ ಮತ್ತೆ ಮಣಿಕಟ್ಟು ಸವರಿಕೊಳ್ಳತೊಡಗಿದ್ದಾಳೆ.

ಡಿಸೆಂಬರ್ 15, ಗುರುವಾರ

ತೀರ್ಪು ಬಂತು.

ಎಣಿಸುವುದು ತಪ್ಪಲ್ಲ. ಆದರೆ ಎಣಿಸಲು ಬರೆಸಿಕೊಂಡದ್ದನ್ನು ನೋಂದಣಿಗೆ ತಾಳೆ ನೋಡುವಂತಿಲ್ಲ. ಆ ಕಲಮುಗಳು ಸಂವಿಧಾನಕ್ಕೆ ವಿರುದ್ಧ, ರದ್ದು! ನನ್ನ ವಿಷಯ ಯಾರಿಗೆ, ಎಷ್ಟು ತಿಳಿಯಬೇಕು ಎನ್ನುವುದನ್ನು ಮೂಲತಃ ತೀರ್ಮಾನಿಸುವವಳು ನಾನು. ಯಾರಿಗೆ ನನ್ನ ಬಗ್ಗೆ ಏನು ಗೊತ್ತಿದೆ ಎಂಬುದೇ ತಿಳಿಯದೆ ಬದುಕುವವರು ಸ್ವತಂತ್ರವಾಗಿ ಬದುಕಲಾರರು — ಹೀಗೇನೋ ಇದೆ. ಇದನ್ನೆಲ್ಲ ಹೊಸದಾಗಿ ತಂದಿಲ್ಲ. ನಾನು ಮಾರ್ಚಿನಲ್ಲಿ ಓದಿದ ಆ ಒಂದನೇ ವಿಧಿಯಿಂದ, ಎರಡನೆಯದರಿಂದ ತೆಗೆದದ್ದು. ಘನತೆ ಎಂಬ ಪದದೊಳಗೆ ಹಾಳೆಯ ಮಾತೂ ಇತ್ತು. ನನಗೆ ಕಂಡಿರಲಿಲ್ಲ, ಅಷ್ಟೆ.

ಡೋರಿಸಳಿಗೆ ಎರಡು ಸಲ ಓದಿ ಹೇಳಿದೆ. "ಅಂದ್ರೆ ನನ್ನ ಚೀಟಿ ಹೋಗಲ್ಲ?" ಎಂದಳು. ಗಣತಿಯಿಂದ ಹೋಗಲ್ಲ ಎಂದೆ. ಜನವರಿಯಲ್ಲಿ ವಿಚ್ಛೇದನಕ್ಕೆ ಅರ್ಜಿ. ಪತ್ರಗಳೆಲ್ಲ ವಕೀಲೆಯ ಕಚೇರಿಯ ವಿಳಾಸಕ್ಕೆ. ಅವಳ ಭುಜ ಇಷ್ಟು ಕೆಳಗಿರುತ್ತದೆ ಎಂದು ಇವತ್ತೇ ನೋಡಿದ್ದು. ಇಷ್ಟು ದಿನ ಕಿವಿಯವರೆಗೆ ಎತ್ತಿಕೊಂಡೇ ಇದ್ದಳು.

ಅಪ್ಪನಿಗೆ ಹೇಳಬೇಕಿತ್ತು.

ಡಿಸೆಂಬರ್ 17, ಶನಿವಾರ, ಮಧ್ಯಾಹ್ನ ಮೂರು ಗಂಟೆ

ಒಂದಕ್ಕೆ ಬೋಸ್ಲರ್ ಬಂದರು. ಭಾನುವಾರ ಚರ್ಚಿಗೆ ಹಾಕುವ ಕೋಟು. ಕೈಯಲ್ಲಿ ಮಡಚಿದ ಹಾಳೆ.

"ಚೀಲ ವಾಪಸ್ ತಗೊಂಡ್ರು. ಈ ಪಟ್ಟಿ ನನ್ನ ಹತ್ರಾನೇ ಉಳೀತು. ಇಟ್ಕೊಳ್ಳೋ ಹಕ್ಕು ನನಗಿಲ್ಲ. ನಿಮ್ಮನೇಲಿ ಕಲ್ಲಿದ್ದಲ ಒಲೆ ಇದೆಯಲ್ಲ, ಸುಡೋಣ. ಮೊದಲು ನಿಮ್ಮ ಸಾಲು ನೋಡ್ಬಿಡಿ."

ಮೇಜಿನ ಮೇಲೆ ಹರವಿದರು. ಮೇಲಿನ ಸಾಲುಗಳನ್ನು ಒಂದು ಅಂಗೈಯಿಂದ, ಕೆಳಗಿನವನ್ನು ಇನ್ನೊಂದರಿಂದ ಮುಚ್ಚಿದರು. "ಬೇರೆಯವರದು ನೋಡ್ಬೇಡಿ."

ನಡುವೆ ಒಂದೇ ಸಾಲು. ಮೂರನೇ ಮಹಡಿ, ನೇಗೆಲೆ. ಜನ: 1. ಶಾಯಿಯಲ್ಲಿ. ಪಕ್ಕದಲ್ಲಿ ತಾರೀಕು, ಮಾರ್ಚ್ 26.

ಆಗ ತೀರ್ಪಿರಲಿಲ್ಲ. ತಡೆಯೂ ಇರಲಿಲ್ಲ. "ನಿಮಗೆ ಗೊತ್ತಿತ್ತಲ್ಲ, ಇಬ್ಬರು ಅಂತ" ಎಂದೆ.

"ಆ ದಿನ ಮೆಟ್ಟಿಲಲ್ಲಿ ನಮಸ್ಕಾರ ಅಂದೆ, ಅಷ್ಟೇ. ಆ ಹುಡುಗಿ ಹೊಡೆತ ಬೀಳುತ್ತೆ ಅನ್ನೋ ಹಾಗೆ ಎರಡೂ ಕೈ ತಲೆಗೆ ಅಡ್ಡ ಹಿಡ್ಕೊಂಡ್ಲು. ನನ್ನ ತಂಗೀನೂ ಹಾಗೇ ಮಾಡ್ತಿದ್ಲು." ಕೆಮ್ಮಿದರು. "ಮೂವತ್ತೇಳು ವರ್ಷ ಅಂಚೆ ಹಂಚಿದೀನಿ, ಫ್ರೌ ನೇಗೆಲೆ. ಯಾರ ಮನೆಗೆ ಯಾರ ಕಾಗದ ಬರುತ್ತೆ ಅಂತ ನನ್ನ ಹೆಂಡತಿಗೂ ಹೇಳ್ದವನಲ್ಲ. ಪ್ರಮಾಣ ಮಾಡಿದ್ದೆ."

"ಪೋಸ್ಟ್ ಕಾರ್ಡೂ ಓದ್ತಿರ್ಲಿಲ್ವಾ?"

"ಕಾರ್ಡು..." ಕಿವಿ ಕೆಂಪಗಾಯಿತು. "ಸಮುದ್ರದ ಕಡೆಯಿಂದ ಬಂದ್ರೆ, ಹವಾಮಾನ ಮಾತ್ರ."

ಒಂಬತ್ತು ತಿಂಗಳು ಈ ಮನುಷ್ಯನಿಗೆ ಹೆದರಿ ಬೆಕ್ಕಿನ ಹೆಜ್ಜೆ ಇಟ್ಟಿದ್ದೆ! ನಾಚಿಕೆಯಿಂದ ಅಳು ಬಂತು, ನಗುವೂ ಬಂತು. ಹಾಳೆ ಒಲೆಗೆ ಹೋಯಿತು. ಡೋರಿಸ್ ಕಾಫಿ ತಂದಳು, ಕೇಕು ಕೊಯ್ದಳು. ಅವರು ಎದ್ದು ನಿಂತು ಅವಳ ಕೈ ಕುಲುಕಿದರು. ಹೆಸರು ಕೇಳಲಿಲ್ಲ. ಅವಳೇ ಹೇಳಿದಳು, ಪೂರ್ತಿ ಹೆಸರು. ಕೇಳದೆ ಹೇಳಿದಳು!

ಅವರು ಹೋದ ಮೇಲೆ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೀಲಿ ತಿರುಗಿದ್ದು ಕೇಳಿಸಿತು. ಈ ಹನ್ನೊಂದು ತಿಂಗಳಲ್ಲಿ ಇದೇ ಮೊದಲು. ಗಂಡನ ಮನೆಯಲ್ಲಿ ಬಾಗಿಲು ಮುಚ್ಚಲು ಬಿಡುತ್ತಿರಲಿಲ್ಲವಂತೆ, ಸ್ನಾನದ ಮನೆಯದೂ. ಒಂದು ಗಂಟೆ ಹೊತ್ತಾಯಿತು, ಇನ್ನೂ ಒಳಗೇ ಇದ್ದಾಳೆ. ನಾನು ಇತ್ತ ಅಡುಗೆಮನೆಯಲ್ಲಿ ಬರೆಯುತ್ತಿದ್ದೇನೆ. ಗೋಡೆ ತೆಳು. ಅವಳು ಒಳಗೆ ಒಬ್ಬಳೇ, ತನ್ನ ಪಾಡಿಗೆ ತಾನು...

ಇಲ್ಲ. ಅದು ಅವಳದು, ನಾನು ಬರೆಯಬಾರದು.