ಇನ್ನೊಂದು ಗಡಿಗೆ ಕರಿ ಬಿಯರ್

೧೦ ಜನವರಿ ೧೯೪೩, ಧುಪದಾಳ. ಸಂಜೆ

ಬಿಯರ್ ಬಾಟಲಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಹಗ್ಗ ಕಟ್ಟಿ, ಕಾಲುವೆಗೆ ಇಳಿಬಿಟ್ಟು ಬಂದೆ. ಬಿಸಿಲು ಇಳಿಯುವ ಹೊತ್ತಿಗೆ ತಣ್ಣಗಾಗುತ್ತವೆ. ನೀರು ಇವತ್ತು ಹಸಿರು. ಒಡ್ಡಿನ ಮೇಲಿಂದ ಬೀಳುವ ಸದ್ದು ಕೇಳುತ್ತ ದಂಡೆಯ ಮೇಲೆ ಕೂತರೆ ಅತ್ತ ನಿದ್ದೆಯೂ ಅಲ್ಲ, ಇತ್ತ ಎಚ್ಚರವೂ ಅಲ್ಲ... ಕಾಲುವೆ ಖಾತೆಯ ಬಂಗಲೆಯ ಸ್ಟೋರ್ ಕಾರಕೂನನ ಪಗಾರದಲ್ಲಿ ಇದು ಲೆಕ್ಕಕ್ಕಿಲ್ಲ. ಆದರೆ ಇದಕ್ಕಾಗಿಯೇ ನಾನು ಈ ನೌಕರಿಯಲ್ಲಿದ್ದೇನೆ.

ಪರಪ್ಪ ಕಾಕಾ ಗೋಕಾಕದಿಂದ ಬಂದರು. ಕೈಯಲ್ಲಿ ತಮ್ಮ ಅಂಗಡಿಯ ಕರದಂಟಿನ ಪೊಟ್ಟಣ. ಗಲ್ಲೆಯ ಮೇಲೆ ಮಗ ರಾಜಪ್ಪನನ್ನು ಕೂಡಿಸಿ, ಹೆಂಡತಿಗೆ "ಬಂಗಲೆಗೆ ಕರದಂಟು ಕೊಟ್ಟು ಬರ್ತೇನಿ" ಎಂದು ಹೇಳಿ ಬರುತ್ತಾರೆ. ಸುಳ್ಳಲ್ಲ. ಕೊಡುತ್ತಾರೆ, ಆಮೇಲೆ ನಮ್ಮ ಜೊತೆ ಕೂತು ತಾವೇ ತಿನ್ನುತ್ತಾರೆ.

ಅಡುಗೆಯ ಕೆಂಚಪ್ಪ ಗ್ಲಾಸು ಒರೆಸಿಟ್ಟ. ಕಾಕಾ ಕೊರಳಿನ ಲಿಂಗದ ಕರಡಿಗೆಯ ಮೇಲೆ ಟಾವೆಲ್ ಮುಚ್ಚಿಕೊಂಡರು. ಪ್ರತಿ ಸಲವೂ ಹಾಗೆಯೇ. "ಅವಗ ಕಾಣಬಾರದು ಅಂತಲ್ಲೋ, ವಾಸನಿ ಹತ್ತಬಾರದು."

ಕೆಂಚಪ್ಪನಿಗೆ ತೆಳು ಹಳದಿ ಬಿಯರ್ ಪ್ರೀತಿ. ಬಿಸಿಲಿಗಿಟ್ಟ ನೀರು ಅದು, ನನ್ನನ್ನು ಕೇಳಿದರೆ. ನನ್ನದು ತಾಮ್ರದ ಬಣ್ಣದ ಕಹಿ. ಮೊದಲ ಗುಟುಕಿಗೆ ಮುಖ ಕಿವುಚಬೇಕು. ಎರಡನೆಯದಕ್ಕೆ ಎಲ್ಲಿಂದಲೋ ಬೇವಿನ ಹೂವಿನ ಗಾಳಿ. ಮೂರನೆಯದನ್ನು ನಾಲಿಗೆ ತಾನೇ ಕೇಳುತ್ತದೆ.

ಕಾಕಾಗೆ ಮಾತ್ರ ಕರಿಯದು. ಬಗ್ಗಿಸಿ ಸುರಿದರೆ ಕಂದು ನೊರೆ ಏಳುತ್ತದೆ, ಇಳಿಯಲು ಅದಕ್ಕೆ ಯಾವ ಅವಸರವೂ ಇಲ್ಲ. ಗ್ಲಾಸಿಗೆ ಮೂಗಿಟ್ಟು ಉದ್ದಕ್ಕೆ ಉಸಿರೆಳೆದರು. ಆಮೇಲೆ ಮೆಲ್ಲಗೆ: "ಕಡಾಯಿ ತಳಕ್ಕ ಹತ್ತಿದ ಬೆಲ್ಲ... ರೊಟ್ಟಿ ಅಂಚು ಸುಟ್ಟಿದ್ದು... ಆಮ್ಯಾಲ ಮಳಿ ಬರೂಕಿಂತ ಮೊದಲ ಬೀಸತೈತೆಲಾ, ಆ ಗಾಳಿ." ಕರದಂಟಿನ ಚೂರು ಬಾಯಿಗಿಟ್ಟು, ಅಂಟು ಕರಗುವ ಮೊದಲೇ ಒಂದು ಗುಟುಕು. ಕಣ್ಣು ಮುಚ್ಚಿದರು. ಆಗ ಅವರ ಮುಖ ನೋಡುವುದೇ ನನಗೆ ಅರ್ಧ ಅಮಲು.

ವರ್ಗವಾಗಿ ಹೋದ ಇಂಗ್ಲಿಷ್ ಎಂಜಿನಿಯರ್ ಸಾಹೇಬರು ನಮಗೆಂದು ಬಿಟ್ಟುಹೋದ ಪೆಟ್ಟಿಗೆಯಲ್ಲಿ ಕರಿಯದು ಇದೇ ಕೊನೆಯದು. ಯುದ್ಧದ ದೆಸೆಯಿಂದ ಹಡಗೇ ಬರುತ್ತಿಲ್ಲ. ಕಾಕಾಗೆ ಹೇಳಲಿಲ್ಲ. ಕುಡಿಯಲಿ ನಿಶ್ಚಿಂತೆಯಾಗಿ.

೧೭ ಫೆಬ್ರುವರಿ

ಇಷ್ಟು ದಿನ ಕಾಕಾ ಬರಲಿಲ್ಲ. ಮದುವೆ ಸೀಜನ್, ಅಂಗಡಿ ಗದ್ದಲ ಅಂದುಕೊಂಡಿದ್ದೆ. ಇವತ್ತು ಕರದಂಟು ತಂದವನು ರಾಜಪ್ಪ.

"ಅಪ್ಪಗ ಗಂಟಲದಾಗ ಗಂಟ ಆಗೇತ್ರಿ. ಮಿರಜಿಗೆ ಹೋಗಿ ಬಂದ್ವಿ. ರೊಟ್ಟಿ ಇಳಿಯವಲ್ದು, ಹಾಲು ಗಂಜಿ ಅಷ್ಟ."

"ಡಾಕ್ಟರ್ ಏನಂದ್ರು?"

"ಮಳಿಗಾಲ ಕಾಣೂದು ಕಠಿಣ ಅಂದ್ರು."

ಸಂಜೆ ಗೋಣಿ ಇಳಿಬಿಡಲು ಹೋಗಲಿಲ್ಲ. ಕೆಂಚಪ್ಪ ಗ್ಲಾಸುಗಳನ್ನು ಒಳಗಿಟ್ಟ.

೧೯ ಫೆಬ್ರುವರಿ

ಗೋಕಾಕಕ್ಕೆ ಹೋಗಿದ್ದೆ. ಕಾಕಾ ಅಟ್ಟಣಿಗೆಯ ಕಿಟಕಿಯ ಬದಿಗೆ ಮಲಗಿದ್ದಾರೆ. ಕೆಳಗೆ ಕಡಾಯಿಯಲ್ಲಿ ಬೆಲ್ಲ ಕುದಿಯುವ ವಾಸನೆ ಮೇಲೆ ಬರುತ್ತಿತ್ತು. ಅವರ ಹೆಂಡತಿ ಕಾಶೆವ್ವ ಕಾಕು ಹಾಲು ತರಲು ಇಳಿದುಹೋದದ್ದೇ ತಡ, ಕಾಕಾ ನನ್ನ ಮುಂಗೈ ಹಿಡಿದರು. ದನಿ ಕುಗ್ಗಿದೆ.

"ಶಿದ್ರಾಮ... ಕರಿಯದು. ಒಂದ ಗುಟುಕ. ನಾಲಿಗಿ ಇನ್ನೂ ಐತಿ, ಅದು ಹೋಗೂಕಿಂತ ಮೊದಲ."

ಹೂಂ ಎಂದುಬಿಟ್ಟೆ. ಎಲ್ಲಿಂದ ತರಲಿ? ನನ್ನ ಬಾಯಿಗೆ ಬೀಗ ಹಾಕಬೇಕು.

೨೪ ಫೆಬ್ರುವರಿ

ಬೆಳಗಾವಿ ಕ್ಯಾಂಪಿನ ಅಂಗಡಿಗಳನ್ನೆಲ್ಲ ತಿರುಗಿದೆ. ಹಳದಿಯದೂ ಇಲ್ಲ, ಇನ್ನು ಕರಿಯದೆಲ್ಲಿ. ಒಬ್ಬ ನಕ್ಕ, "ಹಡಗು ಬಂದ್ರ ಹೇಳಿ ಕಳಿಸ್ತೇನಿ ಬಿಡ್ರಿ."

ವಾಪಸ್ಸು ರೈಲಿನಲ್ಲಿ ಜೋಳದ ಹೊಲ ನೋಡುತ್ತ ಬಂದೆ. ತೆನೆ ಬಾಗಿವೆ. ಸಾಹೇಬರು ಒಮ್ಮೆ ಕುಡಿದ ಸುಖದಲ್ಲಿ ಇದನ್ನು ಮಾಡುವ ಬಗೆ ಹೇಳಿದ್ದರು. ಕಾಳು ಮೊಳೆಸಿ, ಒಣಗಿಸಿ, ಕರ‍್ರಗೆ ಹುರಿದು, ಕುದಿಸಿ, ಕಹಿ ಹಾಕಿ, ಹುಳಿ ಬರಿಸಬೇಕು. ಅವರ ದೇಶದ ಕಾಳು ಇಲ್ಲದಿದ್ದರೇನು, ಜೋಳವೂ ಮೊಳೆಯುತ್ತದೆ. ಕಹಿಗೆ ನೆಲಬೇವು. ಹುಳಿಗೆ ಶಿಂದಿ ಹೆಂಡದ ತಳದ ಗಸಿ. ನಾಳೆಯೇ ಊರಿಗೆ ಹೋಗುತ್ತೇನೆ.

ಅಬಕಾರಿಯವರಿಗೆ ಸುಳಿವು ಹತ್ತಿದರೆ ನೌಕರಿ ಹೋದ ಹಾಗೆಯೇ. ಹೋಗಲಿ ಅಂತ ಬರೆಯುವಷ್ಟು ಧೈರ್ಯವಿಲ್ಲ. ಆದರೂ ನಾಳೆ ಹೋಗುತ್ತೇನೆ.

೬ ಮಾರ್ಚ್, ಕುಲಗೋಡ

ಗಡಿಗೆ ಅಡುಗೆಮನೆಯ ಮೂಲೆಯಲ್ಲಿದೆ. ಬಾಯಿಗೆ ಅರಿವೆ ಬಿಗಿದಿದ್ದೇನೆ. ಕಿವಿಯಿಟ್ಟರೆ ಒಳಗೆ ಯಾರೋ ಪಿಸುಗುಟ್ಟುತ್ತಿದ್ದಾರೆ. ಊಟ ಮಾಡಿ ಅದರ ಪಕ್ಕದಲ್ಲೇ ಅಡ್ಡಾದೆ, ಅದು ಮಾತಾಡುತ್ತಿತ್ತು, ನಾನು ಹೂಂಗುಟ್ಟುತ್ತಿದ್ದೆ. ಅವ್ವನಿಗೆ ಏನೂ ಹೇಳಿಲ್ಲ. ಹೇಳಿದರೆ ಗಡಿಗೆ ಸೀದಾ ತಿಪ್ಪೆಗೆ.

೮ ಮಾರ್ಚ್, ಕುಲಗೋಡ

ಹೇಳಬೇಕಿತ್ತು.

ಹೊಲದಿಂದ ಬಂದರೆ ತೊಳೆದ ಗಡಿಗೆ ಬೋರಲು ಬಿದ್ದಿದೆ. ಅವ್ವ ಕೆಂಪವ್ವ ಒಲೆ ಮುಂದೆ ಖುಷಿಯಲ್ಲಿ ಕೂತಿದ್ದಾಳೆ.

"ಅಂಬಲಿ ಕಾಸಿ ಇಟ್ಟೀದಿ, ಹೇಳೂದಿಲ್ಲೇನೋ? ಚಲೋ ಹುಳಿ ಬಂದಿತ್ತ. ಕರ‍್ರಗ ಇತ್ತ, ರಾಗೀದು ಅನ್ಕೊಂಡ್ನಿ. ಒಂದೀಟ ಕಹಿ ಆಗಿತ್ತ, ಮಜ್ಜಿಗಿ ಬೆರಸಿ, ಉಪ್ಪು ಬಳ್ಳೊಳ್ಳಿ ಹಾಕಿ ಗಾಣದ ಮಂದಿಗೆ ಒಯ್ದ ಕೊಟ್ನಿ."

ಈ ಸೀಮೆಯಲ್ಲಿ ಹುಳಿ ಬಂದ ಗಡಿಗೆ ಕಂಡರೆ ಯಾವ ತಾಯಿಯಾದರೂ ಮಜ್ಜಿಗೆಯನ್ನೇ ಸುರಿಯುತ್ತಾಳೆ.

ಗಾಣದ ಕಡೆ ಹೋಗಿ ನೋಡಿದೆ. ಕಬ್ಬಿನ ಸಿಪ್ಪೆಯ ಮೇಲೆ ಎಲ್ಲರೂ ಅಂಗಾತ. ಎತ್ತು ತಾವೇ ನಿಂತಿವೆ. ಬಾಜೂ ಮನೆಯ ರಾಯಪ್ಪ ಆಕಾಶ ನೋಡುತ್ತ ಹೇಳಿದ, "ನಿಮ್ಮವ್ವನ ಕೈಯಾಗ ಏನೋ ಐತಿ ನೋಡಪಾ. ಹುಟ್ಟಿದಾಗಿಂದ ಇಂಥಾ ಅಂಬಲಿ ಕುಡದಿಲ್ಲ." ನಗು ಬಂತು. ಮನೆ ದಾರಿಯಲ್ಲಿ ಕಾಕಾ ನೆನಪಾಗಿ ಅಳು ಬಂತು. ದಿನಗಳು ಸುಮ್ಮನೆ ಹೋದವು.

೨೮ ಮಾರ್ಚ್, ಧುಪದಾಳ

ಎರಡನೇ ಗಡಿಗೆಯನ್ನು ಇಲ್ಲಿಯೇ ಹಾಕಿದ್ದೆ. ಕಾಲುವೆ ದಂಡೆಯ ತಂಪು ಉಸುಕಿನಲ್ಲಿ ಕುತ್ತಿಗೆಯವರೆಗೆ ಹೂತು. ಇವತ್ತು ಸೋಸಿ, ಔಷಧದ ಬಾಟಲಿಗೆ ತುಂಬಿ ಗೋಕಾಕಕ್ಕೆ ಒಯ್ದೆ.

"ಏನೋ ಅದು?" ಕಾಕು ಕೇಳಿದರು.

"ಗಂಟಲದ ಔಷಧ್ರಿ."

ಬಿರಡೆ ತೆಗೆದು ಮೂಸಿದರು.

"ನನ್ನ ಮುಂದ ನಾಟಕ ಬ್ಯಾಡ ಶಿದ್ರಾಮ. ಇಷ್ಟ ವರ್ಷ ಇವರ ಟಾವೆಲ್ ಒಗದಾಕಿ ನಾನ." ಬೈಗುಳಕ್ಕೆ ಕಾಯುತ್ತಿದ್ದೆ. ಕಾಕು ಒಳಗಿನಿಂದ ಹತ್ತಿ ತಂದರು. ತಾವೇ ಸೆರಗಿನ ತುದಿಯನ್ನು ಗಂಡನ ಎದೆಯ ಮೇಲಿನ ಕರಡಿಗೆಗೆ ಮುಚ್ಚಿದರು. ಹತ್ತಿ ಅದ್ದಿ ನಾಲಿಗೆಗೆ ಮುಟ್ಟಿಸಿದರು.

ಕಾಕಾ ಬಾಯಿ ಮುಚ್ಚಿ, ಮೂಗಿನಿಂದ ಉಸಿರು ಬಿಟ್ಟು, ಕಾದರು. ನಾನೂ.

"ಇದು ಅದಲ್ಲ," ಅಂದರು.

೨೯ ಮಾರ್ಚ್

ಸಿಟ್ಟು ಬಂದಿದೆ. ಒಂದು ಸುಳ್ಳು ಹೇಳಿದ್ದರೆ ಅವರ ಗಂಟು ಏನು ಹೋಗುತ್ತಿತ್ತು? ಬಿಸಿಲಲ್ಲಿ ಕಾಳು ಕುಟ್ಟಿ ಅಂಗೈ ಬೊಬ್ಬೆ ಎದ್ದಿವೆ. ಕೆಂಚಪ್ಪನ ಮೇಲೆ ವಿನಾಕಾರಣ ಹರಿಹಾಯ್ದೆ.

೧ ಏಪ್ರಿಲ್

ರಾಜಪ್ಪ ಬಂದ. ಸೈಕಲ್ಲಿನ ಹಿಂದೆ ಕರದಂಟಿನ ಹಳೆಯ ಕಡಾಯಿ ಕಟ್ಟಿಕೊಂಡು. ನನಗೆ ಅರ್ಥವಾಗಲಿಲ್ಲ.

"ಅಪ್ಪ ಕಳಸ್ಯಾನ್ರಿ. ಕಾಳು ಇದರಾಗ ಹುರೀಬೇಕಂತ. ಸಣ್ಣ ಉರಿ ಇರಬೇಕಂತ. ವಾಸನಿ ಬೆಲ್ಲದಿಂದ ಹೊಗಿಗೆ ತಿರಗೂ ಹೊತ್ತಿಗೆ ಇಳಸಬೇಕಂತ. ನೆಲಬೇವು ಪ್ಯಾಟೀದು ಬ್ಯಾಡಂತ, ದಡ್ಡಿ ಊರ ಕಡೇದು ಹಸಿ ಇರತೈತಿ, ಅದನ್ನ ತರಬೇಕಂತ." ನಡುವೆ ನಿಂತು ಉಸಿರು ತೆಗೆದುಕೊಂಡ. "ಅಪ್ಪ ಎದ್ದ ಕುಂತಾನ್ರಿ. ನಾಕ ದಿನಾ ಆತು, ಬಾಯಿ ತುಂಬ ಇದ ಮಾತ. ಗಂಜಿನೂ ಕುಡ್ಯಾಕತ್ತಾನ."

ಕಡಾಯಿ ಇಳಿಸಿಕೊಂಡೆ. ಸಿಟ್ಟು ಎಲ್ಲಿ ಹೋಯಿತೋ.

೯ ಏಪ್ರಿಲ್, ದಡ್ಡಿ

ಹುಕ್ಕೇರಿ ಮೇಲೆ ಹಾಯ್ದು ಬಂದೆ. ಹೊಳೆಯ ದಂಡೆಯಲ್ಲಿ ಉದ್ದವ್ವ ಎಂಬ ಮುದುಕಿ ನೆಲಬೇವು ಕಿತ್ತು ಕೊಟ್ಟಳು. "ಯಾರಿಗೆ ಜ್ವರ?" ಅಂದಳು. ಯಾರಿಗೂ ಇಲ್ಲ, ರುಚಿಗೆ ಅಂದೆ. ಬಹಳ ಹೊತ್ತು ನನ್ನ ಮುಖ ನೋಡಿದಳು.

ಒಂದು ಎಲೆ ಬಾಯಲ್ಲಿಟ್ಟುಕೊಂಡು ಮಾವಿನ ನೆರಳಲ್ಲಿ ಕೂತಿದ್ದೇನೆ. ಕಹಿ ನಾಲಿಗೆಯ ಬುಡಕ್ಕೆ ಇಳಿದು ಅಲ್ಲೇ ತಂಪಾಗಿ ನಿಂತಿದೆ. ಹೊಳೆ ಹೊಳೆಯುತ್ತಿದೆ. ಇದೇ ನೀರು ಹರಿದು ಧುಪದಾಳಕ್ಕೆ ಬರುತ್ತದೆ, ನನ್ನ ಗಡಿಗೆಗೂ. ಜಗತ್ತಿನಲ್ಲಿ ಯುದ್ಧ ನಡೆದಿದೆ ಅಂತ ಇಲ್ಲಿ ಕೂತು ನಂಬುವುದು ಕಷ್ಟ.

೨೭ ಏಪ್ರಿಲ್, ಧುಪದಾಳ. ಮಧ್ಯಾಹ್ನ

ಮೂರನೇ ಗಡಿಗೆ ತೆರೆದೆವು. ಕಂದು ನೊರೆ ಎದ್ದಿತು, ಇಳಿಯಲಿಲ್ಲ. ಕೆಂಚಪ್ಪ ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟ.

"ಇದ ಅದು," ಅಂದ.

ಅದೇ. ಸುಟ್ಟ ಬೆಲ್ಲ, ರೊಟ್ಟಿಯ ಅಂಚು, ಕೊನೆಗೆ ಆ ಗಾಳಿ. ಕುಣಿಯಬೇಕಿತ್ತು. ಗಡಿಗೆಯ ಬಾಯಿಗೆ ಮತ್ತೆ ಅರಿವೆ ಮುಚ್ಚಿದೆ. "ಅದಲ್ಲ" ಎಂದ ದಿನದಿಂದ ಕಾಕಾ ಎದ್ದು ಕೂತಿದ್ದಾರೆ. ಇದನ್ನು ಒಯ್ದು ಕೊಟ್ಟರೆ, ಇನ್ನು ಅವರು ಯಾವುದಕ್ಕೆ ಕಾಯಬೇಕು?

ನೀರು ಬೆರೆಸಲೇ ಅಂದುಕೊಂಡೆ. ಚೊಂಬು ಕೈಯಲ್ಲಿ ಹಿಡಿದೂ ಆಯಿತು. ಆಗಲಿಲ್ಲ. ಆ ನಾಲಿಗೆಗೆ ಕೆಟ್ಟದ್ದನ್ನು ಒಯ್ಯಲು ನನ್ನಿಂದಾಗದು.

ಅದೇ ದಿನ, ಸಂಜೆ

ಬಾಟಲಿಗೆ ತುಂಬಿ ಗೋಕಾಕಕ್ಕೆ ಒಯ್ದೆ. ಕಾಕಾ ಇನ್ನೂ ಸಣ್ಣಗಾಗಿದ್ದಾರೆ. ಕಣ್ಣು ಮಾತ್ರ ಬಾಟಲಿಯ ಮೇಲೆ. ಕಾಕು ಹತ್ತಿ ಅದ್ದಿ ಮುಟ್ಟಿಸಿದರು. ಇನ್ನೊಮ್ಮೆ. ಮತ್ತೊಮ್ಮೆ ಕಾಕಾ ತಾವೇ ಬಾಯಿ ತೆರೆದರು. ಕಣ್ಣು ಮುಚ್ಚಿದರು. ಮುಖದ ಗೆರೆಯೆಲ್ಲ ಸಡಿಲಾಯಿತು. ಕಿಟಕಿಯಿಂದ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು, ಕೆಳಗೆ ಬೆಲ್ಲ ಕುದಿಯುತ್ತಿತ್ತು.

ಕಣ್ಣು ತೆರೆಯದೆಯೇ ಅಂದರು: "ಕಹಿ... ಒಂದೀಟ ಕಡಿಮಿ ಐತಿ."

ಕಡಿಮೆ ಇರಲಿಲ್ಲ. ಅವರಿಗೂ ಗೊತ್ತು.

"ಹೌದ್ರಿ ಕಾಕಾ. ಇನ್ನೊಂದ ಗಡಿಗಿ ಹಾಕ್ತೇನಿ."

"ಹಾಕು. ಎಷ್ಟ ದಿನಾ ಬೇಕು?"

"ಹದಿನೈದ ದಿನಾ ಬೇಕ್ರಿ."

"ಆಗಲಿ. ನಾ ಎಲ್ಲಿ ಹೊಂಟೇನಿ."

ಮೆಟ್ಟಿಲ ತನಕ ಕಾಕು ಬಂದರು. "ಚಲೋ ಆಗಿತ್ತಲಾ?"

"ಚಲೋ ಆಗಿತ್ರಿ."

"ಗೊತ್ತಾತು. ಕಾಲ ಬೆರಳ ಆಡಸಾಕತ್ತಿದ್ರು. ಲಗ್ನ ಆದ ಹೊಸದಾಗ ಆಡಸ್ತಿದ್ರು, ಆಮ್ಯಾಲ ಇವತ್ತ ನೋಡಿದ್ನಿ." ಸೆರಗು ಬಾಯಿಗಿಟ್ಟುಕೊಂಡರು. ನಾನು ಇಳಿದು ಬಂದೆ.

೩೦ ಏಪ್ರಿಲ್

ಜೋಳ ನೆನೆಹಾಕಿದೆ. ದಪ್ಪ ಕಾಳು, ಆರಿಸಿ ಆರಿಸಿ. ಕೆಂಚಪ್ಪ, "ಇನ್ನೇನ ಸುಧಾರಣಾ ಮಾಡಾಂವ ನೀ?" ಅಂದ. ಏನೂ ಇಲ್ಲ ಅಂದೆ. ಹಾಗೇ ಇನ್ನೊಂದು.

೩ ಮೇ, ಧುಪದಾಳ. ಬೆಳಿಗ್ಗೆ

ಒದ್ದೆ ಗೋಣಿ ಸರಿಸಿ ನೋಡಿದೆ. ಮೊಳಕೆ ಬಂದಿದೆ. ಬಿಳಿ, ಸಣ್ಣದು, ಒಂದೊಂದು ಕಾಳಿಗೂ. ಹಸಿ ವಾಸನೆ. ಕಾಲುವೆಯ ಮೇಲೆ ಇನ್ನೂ ಮಂಜಿನಂಥ ಬೆಳಕು. ಇನ್ನೊಂದು ದಿನ ಮುಚ್ಚಿಡಬೇಕು, ಆಮೇಲೆ ಬಿಸಿಲಿಗೆ.

ರಾಜಪ್ಪ ಬಂದಿದ್ದಾನೆ. ಕಂಪೌಂಡಿನ ಗೇಟಿನ ಹತ್ತಿರ ಸೈಕಲ್ ಹಿಡಿದು ನಿಂತಿದ್ದಾನೆ. ಕರದಂಟು ತಂದಿಲ್ಲ. ಒಳಗೆ ಬರುತ್ತಿಲ್ಲ, ಕರೆಯುತ್ತಲೂ ಇಲ್ಲ. ಕೆಂಚಪ್ಪ ಅವನ ಹತ್ತಿರ ಹೋದ, ಹೆಗಲ ಮೇಲಿನ ಟಾವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಈಗ ಇಬ್ಬರೂ ನನ್ನ ಕಿಟಕಿಯ ಕಡೆ ನೋಡುತ್ತಿದ್ದಾರೆ.

ನಿಲ್ಲಲಿ. ಇದನ್ನು ಬರೆದು ಮುಗಿಸುವ ತನಕ ನಿಲ್ಲಲಿ. ಕಾಳಿಗೆ ಇನ್ನೊಮ್ಮೆ ನೀರು ಚಿಮುಕಿಸಬೇಕು. ಬಿಸಿಲು ಏರುವ ಮೊದಲು ಗೋಣಿ ತೋಯಿಸಬೇಕು, ಒಣಗಿದರೆ ಮೊಳಕೆ ಸುಟ್ಟುಹೋಗುತ್ತದೆ. ಕಡಾಯಿ ತೊಳೆದಿಡಬೇಕು. ಈ ಸಲ ಕಹಿ ಒಂದಿಷ್ಟು ಹೆಚ್ಚು, ಕಾಕಾ ಹೇಳಿದ ಹಾಗೆ, ಒಂದು ಹಿಡಿ...